ಬಾಗಿಲ ಹೊರಗಿನ ಹೆಂಗಸಿನ ಅಂಗೈ

ಮುಂದಿನ ಸಾಲಿನಲ್ಲಿ ಮಗಳನ್ನು ಕಳೆದುಕೊಂಡು ಕೂತಿರುವ ಅಕ್ಕನಿಗೆ ಮೊದಲ ನಮಸ್ಕಾರ. ಅಕ್ಕನ ಪಕ್ಕದಲ್ಲಿರುವ ಮಗನಿಗೂ, ಅಂದರೆ ನಮ್ಮನ್ನು ಬಿಟ್ಟುಹೋದವಳ ಅಣ್ಣನಿಗೂ ನಮಸ್ಕಾರ. ಕಾಲೇಜಿನ ಅಧ್ಯಾಪಕರಿಗೆ, ಅವಳ ಸಹಪಾಠಿಗಳಿಗೆ, ಕೆಲಸ ನಿಲ್ಲಿಸಿ ಬಂದಿರುವ ನಮ್ಮ ಕಾರ್ಖಾನೆಯ ಹೆಣ್ಣುಮಕ್ಕಳಿಗೆ — ಎಲ್ಲರಿಗೂ ನಮಸ್ಕಾರ.

ಮೈಕು ತೆಗೆಯಿರಿ, ಬೇಡ. ಕತ್ತರಿಸುವ ಯಂತ್ರದ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು ಇದು. ಹಿಂದಿನವರಿಗೆ ಕೇಳಿಸುತ್ತಿದೆಯೇ? — ಸರಿ.

ನಾನು ಹೈಸ್ಕೂಲಿನವರೆಗೆ ಓದಿದವಳು. ನನ್ನ ಮಾವ ಕಟ್ಟಿದ ಬೈಂಡಿಂಗ್ ಕಾರ್ಖಾನೆಯನ್ನು ಗಂಡ ಹೋದ ಮೇಲೆ ನಾನೇ ನಡೆಸಿದೆ. ಈಗ ಸೊಸೆಯಂದಿರೂ ಅಲ್ಲೇ ದುಡಿಯುತ್ತಾರೆ. ಆದರೂ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಈ ಕಾಲೇಜಿನಲ್ಲಿ ಪ್ರಬಂಧ ಬರೆದು ದೊಡ್ಡವರಾದವರೆಲ್ಲ ನಮ್ಮ ಹತ್ತಿರ ರಟ್ಟು ಹಾಕಿಸಿಕೊಂಡೇ ದೊಡ್ಡವರಾದದ್ದು. ಹಾಗಾಗಿ ಈ ವೇದಿಕೆ ಹತ್ತಲು ನನಗೆ ಸಂಕೋಚವಿಲ್ಲ. ಇವಳು ನನ್ನ ಎದುರಿನ ಮೇಜಿನಲ್ಲಿ ಕೂತು ವರ್ಷಗಟ್ಟಲೆ ನನ್ನ ಜೊತೆ ಹಾಳೆ ಹೊಲಿದವಳು.

ಇಷ್ಟು ಹೊತ್ತು ಮಾತಾಡಿದವರು ಇವಳನ್ನು ಮಿತಭಾಷಿ ಎಂದರು. ತಾಳ್ಮೆಯ ಮೂರ್ತಿ ಎಂದರು. ಒಬ್ಬರಂತೂ ಸದ್ದಿಲ್ಲದೆ ಉರಿದ ದೀಪ ಎಂದುಬಿಟ್ಟರು. ನಾನು ಅತ್ತಿತ್ತ ನೋಡಿದೆ — ಬೇರೆ ಯಾರದ್ದೋ ಸಭೆಗೆ ಬಂದು ಕೂತೆನೋ ಎಂದು.

ಮಿತಭಾಷಿಯಂತೆ. ನಮ್ಮ ಕಾರ್ಖಾನೆಯಲ್ಲಿ ಇವಳ ಹೆಸರು ಭೂತಗನ್ನಡಿ. ಹೊಲಿಯಲು ಕೊಟ್ಟ ಹಾಳೆಯನ್ನು ಓದುವ ಚಾಳಿ. ಓದಿದ್ದು ಸಾಲದೆ ಕನ್ನಡಿ ಹಿಡಿದು ಚಿತ್ರ ನೋಡುವ ಚಾಳಿ. 'ದೊಡ್ಡಮ್ಮ, ಈ ಚಿತ್ರದ ಮೂಲೇಲಿ ಒಂದು ನಾಯಿ ಇದೆ. ಯಾಕಿದೆ ಅಂತ ಇವ್ರು ಬರ್ದೇ ಇಲ್ಲ. ನಾಯಿ ಸುಮ್ನೆ ಬರತ್ತಾ?' ಎಂದು ಕೇಳುತ್ತಿದ್ದಳು. 'ನಾಯಿ ಸುಮ್ನೇ ಬರೋದು ಕಣೇ. ಅದಕ್ಕೇ ಅದನ್ನ ನಾಯಿ ಅನ್ನೋದು. ನೀನು ದಾರ ಎಳಿ,' ಎನ್ನುತ್ತಿದ್ದೆ ನಾನು. ಅಲ್ಲಿಗೆ ಮುಗಿಯಿತೇ? ಊಟದ ಹೊತ್ತಿನವರೆಗೂ ಆ ನಾಯಿಯದ್ದೇ ಮಾತು.

ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿಗೆ ಸೇರಿದಳು. ಚಿತ್ರಗಳನ್ನು ಓದುವುದು, ಧರ್ಮಗ್ರಂಥ ಓದುವುದು, ಹಳೆಯ ಗ್ರೀಕ್ ಕಾವ್ಯ ಓದುವುದು — ಇದು ಅವಳ ವ್ಯಾಸಂಗ. ಗ್ರೀಕ್ ಅಕ್ಷರಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು ಅಂಟಿನ ಡಬ್ಬಿಯ ಎದುರಿಗೆ ಸಾಲಾಗಿ ನಿಲ್ಲಿಸಿಕೊಂಡಳು. ನನ್ನ ಹಿರಿ ಸೊಸೆ ನೋಡಿ, 'ಏನಕ್ಕಾ ಇದು, ಇರುವೆ ಮಸೀಲಿ ಬಿದ್ದು ಎದ್ದು ಮನೆಗೆ ಹೋದಂಗಿದೆ,' ಎಂದಳು. 'ಹೂಂ, ಆ ಇರುವೆ ಯಾವ ಕಾಲದಲ್ಲಿ ಹೊರಟಿದ್ದೋ, ಈಗ ನಮ್ಮನೆ ತಲುಪಿದೆ. ನೀರು ಕೊಡು,' ಎಂದಳು ಇವಳು.

ಅವಳು ಕಾಲೇಜಿನಿಂದ ಕಲಿತು ಬಂದು ನಮ್ಮ ಮೇಲೆ ಹೇರಿದ ಒಂದು ಪಾಠವಿದೆ. ಮೊದಲು ಕಂಡದ್ದು ಹೇಳು, ಅರ್ಥ ಆಮೇಲೆ. ಒಂದು ದಿನ ನನ್ನ ಎರಡನೇ ಸೊಸೆ ಕಣ್ಣೊರೆಸಿಕೊಳ್ಳುತ್ತ ಬಂದು, 'ಇವ್ರು ನನ್ ಮೇಲೆ ಸಿಟ್ಟಾಗಿದ್ದಾರೆ,' ಎಂದಳು. ಇವಳು ಸೂಜಿ ಎತ್ತಿ ಹೀಗೆ ತೋರಿಸಿ, 'ಅದು ಅರ್ಥ. ಕಂಡದ್ದೇನು ಹೇಳು,' ಎಂದಳು. 'ತಟ್ಟೆ ತಳ್ಳಿ ಎದ್ದು ಹೋದ್ರು.' 'ಹೊಟ್ಟೆ ನೋವಿರಬಹುದು, ಕೇಳಿದ್ಯಾ?' ಕೇಳಿದರೆ — ಹೊಟ್ಟೆ ನೋವೇ.

ನಗಿ, ಪರವಾಗಿಲ್ಲ. ಅವಳ ಸಭೆಯಲ್ಲಿ ನಗಬಹುದು. ಇನ್ನು ಮುಂದೆ ನಾನು ಹೇಳುವುದಕ್ಕೆ ನಗು ಬರುವುದಿಲ್ಲ.

ಎಲ್ಲರೂ ಹಾರ ಹಾಕಿರುವ ಅವಳ ಈ ಫೋಟೋ ನೋಡಿ. ಅವಳ ಪಾಠದ ಪ್ರಕಾರ ಮೊದಲು ಕಂಡದ್ದು ಹೇಳುತ್ತೇನೆ. ನುಣ್ಣಗೆ ಬಾಚಿದ ತಲೆ. ಮುಗಿದ ಎರಡು ಕೈ. ಮುಚ್ಚಿದ ಬಾಯಿ. ಈ ಫೋಟೋ ತೆಗೆದವಳು ನನ್ನ ಹಿರಿ ಸೊಸೆ, ನಮ್ಮ ಕಾರ್ಖಾನೆಯಲ್ಲಿ. ಇಲ್ಲೇ ಕೂತಿದ್ದಾಳೆ, ಕೇಳಿ. ಅದರಲ್ಲಿ ಇವಳ ಕೆನ್ನೆಗೆ ಅಂಟು ಮೆತ್ತಿತ್ತು. ಅದನ್ನು ಸ್ಟುಡಿಯೋದವನಿಂದ ಅಳಿಸಿ ಹಾಕಿಸಿದ್ದಾರೆ — ಹೋಗಲಿ. ಬಲಗೈಯಲ್ಲಿ ಭೂತಗನ್ನಡಿ ಇತ್ತು. ಕಿತ್ತಿದ್ದಾರೆ. ಯಾರದ್ದೋ ಕೈಗಳನ್ನು ತಂದು ಅಂಟಿಸಿ ನಮಸ್ಕಾರ ಮಾಡಿಸಿದ್ದಾರೆ. ಆ ಉಗುರುಗಳನ್ನು ನೋಡಿ, ಎಷ್ಟು ಅಂದ. ಇವಳ ಹೆಬ್ಬೆರಳ ಉಗುರು ದಾರ ಎಳೆದೆಳೆದು ಸೀಳಿತ್ತು. ಆಮೇಲೆ ಬಾಯಿ — ಇವಳು ಆಗ ನನ್ನ ಜೊತೆ ವಾದಕ್ಕೆ ನಿಂತಿದ್ದಳು, ಬಾಯಿ ಇಷ್ಟಗಲ ತೆರೆದಿತ್ತು. ಅದನ್ನು ಕಂಪ್ಯೂಟರಿನಲ್ಲಿ ಮುಚ್ಚಿದ್ದಾರೆ. ಸತ್ತವರ ಬಾಯಿ ಮುಚ್ಚುವುದು ನನಗೆ ಗೊತ್ತು, ನನ್ನ ಮನೆಯವರದ್ದನ್ನು ನನ್ನ ಕೈಯಾರೆ ಮುಚ್ಚಿದ್ದೇನೆ. ಬದುಕಿದ್ದಾಗ ತೆರೆದ ಬಾಯಿಯನ್ನು ಸತ್ತ ಮೇಲೆ ಮುಚ್ಚಿಸುವುದನ್ನು ಇವತ್ತೇ ಕಂಡೆ. ಒಳಗೆ ಬರುತ್ತ ಬಾಗಿಲಿಂದ ಇದನ್ನು ಕಂಡವಳು ಹಾಗೇ ಹಿಂದಕ್ಕೆ ತಿರುಗಿದೆ. ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದೆ.

ಆದರೆ ಒಂದು ಫೋಟೋಗಾಗಿ ನಾನು ಈ ವಯಸ್ಸಿನಲ್ಲಿ ಎದ್ದು ನಿಲ್ಲುವವಳಲ್ಲ. ಅದೇ ಕತ್ತರಿ ಅವಳ ಪ್ರಬಂಧಕ್ಕೂ ಬಿದ್ದಿದೆ.

ಪ್ರಬಂಧ ಬರೆದು ಮುಗಿಸಿದ್ದಳು. ಬೆರಳಚ್ಚು ಮಾಡಿಸಿ ಮಾರ್ಗದರ್ಶಕರಿಗೆ ಒಂದು ಪ್ರತಿ ಕೊಟ್ಟಿದ್ದಳು. ಅಷ್ಟರಲ್ಲಿ ಜ್ವರ ಎದೆಗಿಳಿಯಿತು, ಹೋದಳು. ಬರೆದವರು ಸತ್ತರೂ ಪ್ರಬಂಧವನ್ನು ಪರೀಕ್ಷೆಗೆ ಒಪ್ಪಿಸಬಹುದಂತೆ, ಅದಕ್ಕೆ ಕಾಲೇಜಿನಲ್ಲಿ ನಿಯಮವಿದೆ. ಮಾರ್ಗದರ್ಶಕರ ಸಹಿ ಇರಬೇಕು, ಅಷ್ಟೇ. ಒಪ್ಪಿಸಲು ನಾಳೆಯೇ ಕೊನೆ. ಸಹಿ ಬೀಳದಿದ್ದರೆ ಅವಳ ಓದೆಲ್ಲ ರದ್ದಿ ಅಂಗಡಿಗೆ. ಆ ಮಾರ್ಗದರ್ಶಕರು, ನಾವು ಮೇಷ್ಟ್ರು ಎನ್ನುವವರು, ಇದೇ ವೇದಿಕೆಯಲ್ಲಿ ನನ್ನ ಎಡಕ್ಕೆ ಕೂತಿದ್ದಾರೆ. ದೀಪ ಎಂದವರು ಅವರೇ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಮೇಷ್ಟ್ರೂ ಇದ್ದರು, ಅಣ್ಣನೂ ಇದ್ದ. ಮುಂದಿನ ಕೋಣೆಯಲ್ಲಿ ಅವಳ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇತ್ತು. ಅದರ ಪಕ್ಕದಲ್ಲಿ ಚಹಾ ಕುಡಿಯುತ್ತ ಚೌಕಾಸಿ ನಡೆಯುತ್ತಿತ್ತು.

'ಮೇಷ್ಟ್ರೇ, ಅವಳ ಹೆಸರೂ ಉಳೀಬೇಕು, ನಮ್ ಮರ್ಯಾದೆನೂ ಉಳೀಬೇಕು,' ಎಂದ ಅಣ್ಣ.

'ಮೂರನೇ ಅಧ್ಯಾಯ ಒಂದು ತೆಗೆದ್ಬಿಟ್ರೆ ನಾನು ಇವತ್ತೇ ಸಹಿ ಹಾಕ್ತೀನಿ,' ಎಂದರು ಮೇಷ್ಟ್ರು.

'ಅದನ್ಯಾಕೆ ತೆಗೀಬೇಕು?' ಎಂದೆ ನಾನು.

'ಭಾವನೆಗಳಿಗೆ ನೋವಾಗಬಾರ್ದಲ್ವಾ ಮೇಡಂ.'

'ಯಾರ ಭಾವನೆ? ಸತ್ತವಳದ್ದಾ?'

ಆಗ ಅಕ್ಕ ಒಂದು ಮಾತು ಕೇಳಿದರು: 'ಅದ್ರಲ್ಲಿ ಅವಳು ಏನ್ ಬರ್ದಿದ್ಲು? ನಂಗ್ಯಾರೂ ಹೇಳ್ಲೇ ಇಲ್ಲ.' ಮಗ ಅಂದ, 'ನಿಂಗೆ ಅದೆಲ್ಲ ತಿಳಿಯಲ್ಲಮ್ಮ, ಬಿಡು.' ಮೇಷ್ಟ್ರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಹೆತ್ತವಳು ಕೇಳುತ್ತಿದ್ದಾಳೆ, ಓದಿಸಿದವರು ಬಿಸ್ಕತ್ತು ಅದ್ದುತ್ತಿದ್ದಾರೆ.

ಅಕ್ಕಾ, ಈಗ ಹೇಳುತ್ತೇನೆ, ಕೇಳಿ. ತಿಳಿಯದ್ದು ಇದರಲ್ಲಿ ಏನೂ ಇಲ್ಲ.

ನಮ್ಮ ಪ್ರಾರ್ಥನಾ ಮಂದಿರದ ಒಳಗೋಡೆಯ ಹಳೆಯ ಚಿತ್ರ ನಿಮಗೆ ಗೊತ್ತು. ಒಳಗೆ ಗಂಡಸರು ಊಟಕ್ಕೆ ಕೂತಿದ್ದಾರೆ. ಬಾಗಿಲ ಹೊರಗೆ ಒಬ್ಬ ಹೆಂಗಸು ಮಂಡಿಯೂರಿ ಕೈ ಚಾಚಿದ್ದಾಳೆ. ಅವಳು ಬೇಡುತ್ತಿದ್ದಾಳೆ, ಹೆಣ್ಣು ಹೀಗೆ ತಗ್ಗಿ ಬೇಡಿದರೆ ದೇವರು ಕೊಡುತ್ತಾನೆ — ನಮಗೆ ಚಿಕ್ಕಂದಿನಿಂದ ಹೇಳಿದ್ದು ಇದೇ. ವರ್ಷಕ್ಕೊಮ್ಮೆ ಅದರ ಮೇಲೆ ಉಪದೇಶವಿರುತ್ತದೆ. ಈಚೆಗೆ ಆ ಉಪದೇಶ ಮಾಡುವವನು ನಿಮ್ಮ ಮಗನೇ.

ನಿಮ್ಮ ಮಗಳು ಏಣಿ ಹತ್ತಿ ನೋಡಿದಳು. ಅಕ್ಕಾ, ನನ್ನ ಕೈ ನೋಡಿ. ಕೈ ಹೀಗಿಲ್ಲ — ಹೀಗಿದೆ. ಅಂಗೈ ಕೆಳಮುಖ. ಬೇಡುವವಳ ಅಂಗೈ ಆಕಾಶ ನೋಡುತ್ತದೆ. ನಾವು ಬಡಿಸುವಾಗ, ಮಗುವಿನ ಕೈಗೆ ತುತ್ತು ಇಡುವಾಗ ಅಂಗೈ ನೆಲ ನೋಡುತ್ತದೆ. ಆಮೇಲೆ ಅವಳು ಧರ್ಮಗ್ರಂಥ ತೆಗೆದಳು. ಅಲ್ಲಿರುವುದು ಇಷ್ಟೇ: ಬಾಗಿಲಲ್ಲಿ ಒಬ್ಬ ಹೆಂಗಸು ಕೈ ಚಾಚಿದಳು, ಒಳಗಿದ್ದವರು ತೃಪ್ತರಾದರು. ಬೇಡಿದಳು ಎಂದು ಎಲ್ಲೂ ಇಲ್ಲ. ಅದು ಆಮೇಲೆ ಅರ್ಥ ಹೇಳಿದವರು ಸೇರಿಸಿದ್ದು. ಬೇಡಿದವಳು ಅವಳಾದರೆ ಹೊಟ್ಟೆ ತುಂಬಬೇಕಾದದ್ದು ಅವಳದ್ದು ತಾನೇ? ಒಳಗಿದ್ದವರದ್ದು ಹೇಗೆ ತುಂಬಿತು?

ಗ್ರೀಕ್ ಕಾವ್ಯ ಅದಕ್ಕೆ ಏಕೆ ಬೇಕಾಯಿತೆಂದರೆ, ಅದರಲ್ಲೂ ಮನೆಗೆ ಅತಿಥಿ ಬಂದಾಗಲೆಲ್ಲ ಮನೆವಾರ್ತೆಯ ಹೆಂಗಸೊಬ್ಬಳು ರೊಟ್ಟಿ ತಂದಿಡುತ್ತಾಳಂತೆ. ಅದೇ ಸಾಲು, ಮತ್ತೆ ಮತ್ತೆ. ಗಂಡಸರು ಉಣ್ಣುತ್ತಾರೆ, ಹಾಡು ಕೇಳುತ್ತಾರೆ. ಇಟ್ಟವಳು ಎಲ್ಲಿಗೆ ಹೋದಳೆಂದು ಕವಿ ಹೇಳುವುದಿಲ್ಲ. ಆ ಹೆಂಗಸನ್ನೂ ಈ ಹೆಂಗಸನ್ನೂ ಅಕ್ಕಪಕ್ಕ ಕೂರಿಸಿ ಅವಳು ಬರೆದದ್ದೇ ಮೂರನೇ ಅಧ್ಯಾಯ. ಊಟ ತಂದವಳನ್ನು ಹೊರಗೆ ಕೂರಿಸಿದರು, ಆಮೇಲೆ ಬೇಡಿದವಳು ಎಂದು ಹೆಸರಿಟ್ಟರು — ಇಷ್ಟು ಬರೆದಿದ್ದಾಳೆ ಅಕ್ಕಾ ನಿಮ್ಮ ಮಗಳು.

ನಿಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದೀರಿ. ನಾನೂ ಮೊದಲ ಸಲ ಕೇಳಿದಾಗ ನೋಡಿಕೊಂಡಿದ್ದೆ.

ಅವಳು ಬರೆದದ್ದು ಸರಿಯೇ ಎಂದು ನಾನು ಸಾಕ್ಷಿ ಹೇಳುತ್ತಿಲ್ಲ. ಗ್ರೀಕ್ ನನಗೆ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ. ಚಿತ್ರದ ಹೆಬ್ಬೆರಳ ಹತ್ತಿರ ಗಾರೆ ಉದುರಿದೆ. ಅದನ್ನೂ ಅವಳೇ ಬರೆದಿಟ್ಟಿದ್ದಾಳೆ. ತಪ್ಪಿದ್ದರೆ ಪರೀಕ್ಷಕರು ತಪ್ಪು ಎನ್ನಲಿ. ಬೇಕಾದರೆ ಫೇಲು ಮಾಡಲಿ. ಓದಿ ಫೇಲು ಮಾಡಲಿ.

ಅಣ್ಣನ ಮೇಲೆ ನನಗೆ ಸಿಟ್ಟಿದೆ. ಫೋಟೋ ಅವನ ಕೆಲಸ, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಅವನದ್ದು ಹೆದರಿಕೆ. ವರ್ಷವರ್ಷ ನಿಂತು ಹೇಳಿದ್ದು ಸುಳ್ಳಾಗಿಬಿಟ್ಟರೆ ಎಂಬ ಹೆದರಿಕೆ. ಅದು ನನಗೆ ತಿಳಿಯುತ್ತದೆ. ಮೇಷ್ಟ್ರೇ, ನನಗೆ ಹೇಸಿಗೆ ಆಗಿರುವುದು ನಿಮ್ಮನ್ನು ಕಂಡು.

ನೀವು ನಿಮ್ಮ ಪುಸ್ತಕಕ್ಕೆ ರಟ್ಟು ಹಾಕಿಸಲು ನಮ್ಮಲ್ಲಿಗೆ ಬಂದಿದ್ದಿರಿ. ಅವಳ ಮೇಜಿನ ಪಕ್ಕ ನಿಂತು ನಮ್ಮೆಲ್ಲರ ಎದುರು ಹೇಳಿದಿರಿ: 'ಮೂರನೇ ಅಧ್ಯಾಯಾನೇ ನಿನ್ ಪ್ರಬಂಧದ ಜೀವ ಕಣಮ್ಮ. ಉಳಿದದ್ದೆಲ್ಲ ಬರೀ ಮೈ.' ಅವಳಿಗೆ ಆವತ್ತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಖುಷಿಗೆ ನಗುತ್ತಲೇ ಇದ್ದಳು. ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಜೀವ ತೆಗೆದಿರಿ, ಈಗ ಮೈಯನ್ನು ಸಿಂಗರಿಸಿ ಇಲ್ಲಿ ನಿಂತು ದೀಪ ಎನ್ನುತ್ತೀರಿ.

ನೀವು ಕತ್ತರಿಸಿದ ಪ್ರಬಂಧದ ಕಟ್ಟು ಹೊಲಿಗೆಗೆ ನಮ್ಮಲ್ಲಿಗೇ ಬಂತು. ಬಿಚ್ಚಿ ನೋಡಿದೆ. ಎರಡನೇ ಅಧ್ಯಾಯದಿಂದ ನಾಲ್ಕನೆಯದಕ್ಕೆ ಹಾರಿದ್ದು ಯಾರಿಗೂ ಕಾಣಬಾರದೆಂದು ನಾಲ್ಕನ್ನು ಮೂರು ಎಂದು ತಿದ್ದಿದ್ದೀರಿ. ಅಂಕಿ ಅಳಿಸಲು ಹಚ್ಚಿದ ಬಿಳಿ ಬಣ್ಣ ಇನ್ನೂ ಒಣಗಿರಲಿಲ್ಲ, ನನ್ನ ಬೆರಳಿಗೆ ಹತ್ತಿತು. ಸೋಪು ಹಾಕಿ ಕೈ ತೊಳೆದೆ. ಆದರೂ ಹತ್ತಿದ ಹಾಗೇ ಇತ್ತು.

ಅವಳು ತನಗೆಂದು ಇಟ್ಟುಕೊಂಡಿದ್ದ ಪ್ರತಿ ಅವಳ ಮೇಜಿನಲ್ಲೇ ಇತ್ತು, ಪೂರ್ತಿ. ಅದನ್ನು ತೆಗೆದು ಹೊಲಿಯಲು ಕೂತೆ. ಹಿರಿ ಸೊಸೆ ಬಂದು ನಿಂತಳು. 'ಅತ್ತೆ, ಇದನ್ನ ಹೊಲಿದ್ರೆ ಕಾಲೇಜಿನ ಕೆಲಸ ಇನ್ನು ನಮ್ಗೆ ಬರಲ್ಲ,' ಎಂದಳು. 'ಬರದಿದ್ರೆ ಬೇಡ. ಚಪ್ಪಲಿ ಪೆಟ್ಟಿಗೆ ಮಾಡೋಣ. ಅದರೊಳಗೆ ಇರೋದು ಚಪ್ಪಲೀನೇ ಅಂತ ಆದ್ರೂ ಗೊತ್ತಿರತ್ತೆ,' ಎಂದೆ. ಅವಳು ಇನ್ನೊಂದು ಸೂಜಿ ತಂದು ಎದುರಿಗೆ ಕೂತಳು.

ಪ್ರಬಂಧ ಇಲ್ಲಿದೆ — ಈ ಮೇಜಿನ ಮೇಲೆ. ಮೂರನೇ ಅಧ್ಯಾಯ ಮೂರನೇ ಜಾಗದಲ್ಲೇ ಇದೆ. ಒಂದು ಹಾಳೆ ಕೀಳಬೇಕೆಂದರೂ ಈಗ ಪುಸ್ತಕದ ಬೆನ್ನು ಸೀಳಬೇಕು. ಅಕ್ಕನ ಎದುರು ಸೀಳಲು ಧೈರ್ಯ ಇರುವವರು ಬರಬಹುದು.

ನನ್ನ ಮಾತು ಮುಗಿಯಿತು. ನಮ್ಮನ್ನು ಬಿಟ್ಟುಹೋದ ಜೀವಕ್ಕೆ ಎಲ್ಲರೂ ದಯವಿಟ್ಟು ಎದ್ದು ನಿಂತು ಗೌರವ ಸಲ್ಲಿಸಬೇಕು. ಅಕ್ಕಾ, ನಿಮಗೆ ಮಂಡಿ ನೋವು, ನೀವು ಕೂತಿರಿ. — ನಿಲ್ಲುತ್ತೀರಾ? ಸರಿ, ನನ್ನ ಹಿರಿ ಸೊಸೆಯ ಭುಜ ಹಿಡಿದುಕೊಳ್ಳಿ.

ಎಷ್ಟು ನಿಮಿಷದ ಮೌನ ಎಂದು ನಾನು ಹೇಳುವುದಿಲ್ಲ. ಮೇಷ್ಟ್ರೇ, ನೀವು ನಿಲ್ಲಬೇಕಾಗಿಲ್ಲ. ಮೇಜಿಗೆ ಕುರ್ಚಿ ಎಳೆದಿಟ್ಟಿದ್ದೇನೆ, ಪೆನ್ನು ಇದೆ, ಸಹಿಯ ಪುಟ ತೆರೆದಿದೆ. ಬಂದು ಕೂತುಕೊಳ್ಳಿ. ನೀವು ಸಹಿ ಹಾಕಿ ಪೆನ್ನು ಕೆಳಗಿಡುವವರೆಗೆ ನಾವೆಲ್ಲ ಮೌನವಾಗಿ ನಿಂತಿರುತ್ತೇವೆ.