ಬೆನ್ನಿಗೆ ಎರಡು ಸಲ

ಅಧ್ಯಕ್ಷೆ ವೊಯರಿ ಕರ್ಮೋಡ್ ಅವರೇ, ಕ್ಲಬ್ಬಿನ ಹಿರಿಯರೇ, ಕಿಪ್ಪರ್ ಮೀನಿನ ಊಟ ಮುಗಿಸಿ ತೂಕಡಿಸುತ್ತಿರುವ ಸಭಿಕರೇ,

ಇಪ್ಪತ್ತಾರು ವರ್ಷ ರೇಸಿನಲ್ಲಿ ಸೈಡ್‌ಕಾರ್ ಜೋಡಿಸಿದ ಬೈಕು ಓಡಿಸಿದ್ದಕ್ಕೆ ಈ ಬೆಳ್ಳಿ ಕಪ್ ಕೊಟ್ಟಿದ್ದೀರಿ. ಓಡಿಸಿದವನು ನಾನೇ, ನಿಜ. ಆದರೆ ಗಾಡಿ ಮಗುಚದಂತೆ ಪಕ್ಕದ ಹಲಗೆಯ ಮೇಲೆ ಜೋತಾಡಿದವರು ಯಾರು? ಅವರನ್ನು ನಾವು ಮಂಗ ಎನ್ನುತ್ತೇವೆ. ನನ್ನ ಮೊದಲ ಮಂಗ ಬ್ರೀಶಾ ಸ್ಕಿಲಿಕಾರ್ನ್. ಅಗೋ, ಮೂರನೇ ಸಾಲಿನಲ್ಲಿ, ಊರುಗೋಲು ಹಿಡಿದು ಕೂತಿದ್ದಾಳೆ. "ಲೋ ಫಿನ್ಲೋ, ನಾನು ಮಂಗ ಆದ್ರೆ ನೀನು ಮಂಗ ಆಡ್ಸೋನು, ಜಂಬ ಬೇಡ," ಎನ್ನುತ್ತಿದ್ದಳು.

ಬಲ ತಿರುವಿನಲ್ಲಿ ಅವಳು ನನ್ನ ಬೆನ್ನ ಹಿಂದಕ್ಕೆ ದಾಟಬೇಕು. ಹಿಡಿ ಸಿಕ್ಕಿದ ಮೇಲೆ ಬೆನ್ನಿಗೆ ಎರಡು ಸಲ ತಟ್ಟುತ್ತಾಳೆ. ತಟ್ಟುವ ತನಕ ನಾನು ಗಾಡಿ ತಿರುಗಿಸಬಾರದು. ಅದು ನಮ್ಮಿಬ್ಬರ ಕರಾರು.

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಜರ್ಬಿಯ ರೇಸ್ ಹಾದಿಯಲ್ಲಿ ಕೊನೆಯ ಸುತ್ತು. ಬೆಳಿಗ್ಗೆ ಬರುವಾಗ, ನಮ್ಮ ಕಡೆಯ ವಾಡಿಕೆಯಂತೆ, ಸೇತುವೆಯ ಮೇಲೆ ಅಲ್ಲಿನ ಕಿನ್ನರರಿಗೆ ತಪ್ಪದೆ ನಮಸ್ಕಾರ ಹೇಳಿದ್ದೆ. ಕಣ್ಣಿಗೆ ಕಾಣದವರಿಗೆ ಅಷ್ಟು ಮರ್ಯಾದೆ ಕೊಟ್ಟವನು ಬೆನ್ನ ಹಿಂದಿದ್ದವಳಿಗೆ ಅರೆಗಳಿಗೆ ಕೊಡಲಿಲ್ಲ. ಮುಂದಿನ ಗಾಡಿ ಇನ್ನೇನು ಸಿಕ್ಕಿತು ಎನ್ನುವಂತಿತ್ತು. ಅವಳು ತಟ್ಟುವ ಮೊದಲೇ ತಿರುಗಿಸಿಬಿಟ್ಟೆ. ಅವಳು ಬಿದ್ದಳು. ಸೊಂಟ ಮುರಿಯಿತು.

ವಿಚಾರಣೆಯಲ್ಲಿ ನಾನೇನೆಂದೆ? "ತಟ್ಟಿದ್ಲು ಸಾರ್, ಆಮೇಲೆ ಹಿಡಿ ಬಿಟ್ಬಿಟ್ಲು." ಅದನ್ನೇ ಕ್ಲಬ್ಬಿನ ಪುಸ್ತಕದಲ್ಲಿ ಬರೆದರು. ಎರಡು ವರ್ಷದ ಮೇಲೆ ಅವಳು ಮತ್ತೆ ನಡೆದು ಬಂದಾಗ, ಹಿಡಿ ಬಿಡುವವಳೆಂದು ಯಾರೂ ಹತ್ತಿಸಿಕೊಳ್ಳಲಿಲ್ಲ. ನಾನು ಬೇರೆ ಮಂಗನನ್ನು ಹುಡುಕಿಕೊಂಡು ನಾಲ್ಕು ರೇಸು ಗೆದ್ದೆ. ಅದಕ್ಕೂ ಮುಂಚೆ, ಆಸ್ಪತ್ರೆಗೆ ನೋಡಲು ಹೋದಾಗ ಅವಳು ಕೇಳಿದ್ದು ಒಂದೇ: "ನಿನ್ನ ಭುಜದ ನೋವು ಹೆಂಗಿದ್ಯೋ?" ಥೂ, ನನ್ನ ಬಾಳೇ! ನಾಚಿಕೆಯಾಗುತ್ತದೆ, ಸಭಿಕರೇ. ಆ ದಿನದಿಂದ ನಾಚಿಕೆಯಲ್ಲೇ ಇದ್ದೇನೆ.

ಇವತ್ತೂ ಇದನ್ನು ಹೇಳಬೇಕೆಂದು ಬಂದವನಲ್ಲ. ಜೇಬಿನಲ್ಲಿ ಬೇರೆಯೇ ಭಾಷಣವಿದೆ, ಎರಡು ಜೋಕುಗಳ ಸಮೇತ. ಆದರೆ ನೀವು ಹೆಸರು ಕರೆದಾಗ ಅವಳ ಸಾಲಿನ ಹತ್ತಿರ ನನ್ನ ಕಾಲು ನಿಂತುಹೋಯಿತು. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ. ಬೆನ್ನಿಗೆ ಒಂದು ಕೈ ಎರಡು ಸಲ ತಟ್ಟಿತು. "ಹೂಂ, ಈಗ ಹೋಗೋ," ಎಂದಳು.

ಅಧ್ಯಕ್ಷರೇ, ಪುಸ್ತಕದ ಆ ಸಾಲು ಹೊಡೆದುಹಾಕಿಸಿ. ಅವಳು ಹಿಡಿ ಬಿಡಲಿಲ್ಲ, ಫಿನ್ಲೋ ಕಾಯಲಿಲ್ಲ ಎಂದು ಬರೆಸಿ. ಅಲ್ಲಿಯವರೆಗೆ ಈ ಕಪ್ ಇಲ್ಲೇ ಮೇಜಿನ ಮೇಲಿರಲಿ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಿಮಗೆಲ್ಲ ನಮಸ್ಕಾರ. ಬ್ರೀಶಾ, ನಿನಗೆ ಮೊದಲು ಹೇಳಬೇಕಿತ್ತು.