ನಡು ಮೈದಾನದ ನಮ್ಮ ತೃಪ್ತಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಲೋಲಾಕ್ಷಿ ಟೀಚರ್ ಅವರೇ, ಬಂಟ್ವಾಳದ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿರುವ ಶ್ರೀ ಅಸ್ಕರ್ ಅವರೇ, ಮಡಂತ್ಯಾರಿನ ಯುವಕ ಮಂಡಲದ ಪದಾಧಿಕಾರಿಗಳೇ, ಇಂದಿನ ಸನ್ಮಾನಿತೆಯೂ ನನ್ನ ತಂಗಿಯ ಮಗಳೂ ಆದ ತೃಪ್ತಿಯೇ, ಈ ಸೆಕೆಯಲ್ಲಿಯೂ ಎದ್ದು ಹೋಗದೆ ಕುಳಿತಿರುವ ನನ್ನ ಊರಿನ ಸಭಿಕರೇ,

ನಾನು ಸುಧಾಕರ ಶೆಟ್ಟಿ. ಬಿ.ಸಿ.ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದೇನೆ. ಇಂಥ ಸಮಾರಂಭಗಳಿಗೆ ಇಷ್ಟು ವರ್ಷ ನನ್ನನ್ನು ಕರೆದದ್ದು ಉಪಾಹಾರದ ವ್ಯವಸ್ಥೆಗೆ. ಮೈಕಿನ ಮುಂದೆ ನಿಲ್ಲಿಸಿದ್ದು ಇದೇ ಮೊದಲು. ಫುಟ್‌ಬಾಲ್ ಪಂದ್ಯಕ್ಕೆ ತೊಂಬತ್ತು ನಿಮಿಷ, ನನಗೆ ಹತ್ತೇ ನಿಮಿಷ ಎಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಹೆಚ್ಚುವರಿ ಸಮಯ ಕೊಡುವುದು ಬಿಡುವುದು ಲೋಲಾಕ್ಷಿ ಟೀಚರ ಕೃಪೆ.

ವೇಲ್ಸ್ ದೇಶದ ಮಹಿಳಾ ತಂಡಕ್ಕೆ ಹನ್ನೆರಡು ವರ್ಷ ಆಡಿ, ಕೊನೆಯ ಎರಡು ವರ್ಷ ಅದರ ನಾಯಕಿಯಾಗಿ, ಕಳೆದ ತಿಂಗಳು ನಿವೃತ್ತಳಾದವಳು ಈ ತೃಪ್ತಿ. ವೇಲ್ಸ್ ಎಂದರೆ ಬಹಳ ದೊಡ್ಡ ದೇಶವೇನಲ್ಲ. ನಮ್ಮ ಜಿಲ್ಲೆಗೆ ಉಡುಪಿಯನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಜನ. ಅಲ್ಲಿಯೂ ಊರಿನವರಿಗೆ ತಮ್ಮದೇ ಒಂದು ಭಾಷೆ, ಕಚೇರಿಗೆ ಇನ್ನೊಂದು ಭಾಷೆ ಉಂಟು. ನನ್ನ ತಂಗಿ ಕಾಂತಿ ನರ್ಸ್ ಆಗಿ ಅಲ್ಲಿನ ಸ್ವಾನ್‌ಸಿ ಎಂಬ ಊರಿಗೆ ಹೋದಳು. ಅಲ್ಲಿಯವರೇ ಆದ, ಎಲೆಕ್ಟ್ರಿಷಿಯನ್ ಕೆಲಸದ ಎಮ್ರಿಸ್ ಭಾವನನ್ನು ಮದುವೆಯಾದಳು. ತೃಪ್ತಿ ಹುಟ್ಟಿದ್ದು ಅಲ್ಲಿಯೇ. ಆದರೆ ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಅವಳು ವೇಲ್ಸಿನವಳು ಎಂಬುದು ಎಷ್ಟು ನಿಜವೋ, ಮಡಂತ್ಯಾರಿನವಳು ಎಂಬುದೂ ಅಷ್ಟೇ ನಿಜ. ಇದನ್ನು ಯಾರಾದರೂ ಅಲ್ಲವೆಂದರೆ ಅವರಿಗೆ ನನ್ನ ಹೋಟೆಲಿನಲ್ಲಿ ಚಹಾ ಇಲ್ಲ.

ಬೆಳಿಗ್ಗೆಯಿಂದ ಎಲ್ಲರೂ ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ. "ಎಷ್ಟು ಗೋಲು ಹೊಡೆದಿದ್ದಾಳೆ ಶೆಟ್ರೇ?"

ಮೂರು. ಹನ್ನೆರಡು ವರ್ಷದಲ್ಲಿ ಮೂರು. ನಗಬೇಡಿ. ಅವಳು ಮಿಡ್‌ಫೀಲ್ಡರ್. ಮಿಡ್‌ಫೀಲ್ಡರ್ ಎಂದರೆ ಯಾರು? ಗೋಲು ತಡೆಯುವವರು ಹಿಂದೆ, ಹೊಡೆಯುವವರು ಮುಂದೆ. ಇವರಿಬ್ಬರ ನಡುವೆ ಪಂದ್ಯವಿಡೀ ಓಡುವವಳು, ಎದುರಾಳಿಯ ಕಾಲಿನಿಂದ ಚೆಂಡನ್ನು ಕಿತ್ತು ನಮ್ಮವರ ಕಾಲಿಗೆ ಮುಟ್ಟಿಸುವವಳು ಇವಳು. ಮರುದಿನದ ಪೇಪರಿನಲ್ಲಿ ಅವಳ ಹೆಸರು ಇರುವುದಿಲ್ಲ. ಆದರೆ ಅವಳಿಲ್ಲದಿದ್ದರೆ ಪೇಪರಿನಲ್ಲಿ ಬರೆಯುವುದಕ್ಕೆ ಏನೂ ಇರುವುದಿಲ್ಲ.

ಇದನ್ನು ನಾನು ಮೊದಲು ಕಂಡದ್ದು ಅವಳಿಗೆ ಒಂಬತ್ತು ವರ್ಷವಾಗಿದ್ದಾಗ. ಇಲ್ಲಿ ಒಂದು ಮಾತು ಹೇಳಬೇಕು. ಕಾಂತಿಯ ಮದುವೆಯ ನಂತರ ನಮ್ಮ ತಂದೆಯವರು ಅವಳೊಡನೆ ಮಾತು ಬಿಟ್ಟಿದ್ದರು. ಬೈದವರಲ್ಲ, ಬಿಟ್ಟರು, ಅಷ್ಟೆ. ಪೇಪರ್ ಓದುತ್ತಾ, ಯಾರಿಗೂ ಅಲ್ಲದ ಹಾಗೆ, "ಅಲ್ಲಿ ಈಗ ಚಳಿ ಜೋರಂತೆ" ಎನ್ನುತ್ತಿದ್ದರು. ನಾನು ಹೋಟೆಲಿಗೆ ಬಂದು ಫೋನ್ ಮಾಡಿ, "ಕಾಂತಿ, ಅಪ್ಪ ಚಳಿಯ ಸಂಗತಿ ಕೇಳಿದ್ರು" ಎಂದು ಹೇಳುತ್ತಿದ್ದೆ. ಅವಳು, "ಅಣ್ಣಾ, ಅವರ ಬಿ.ಪಿ. ಮಾತ್ರೆ ತಪ್ಪಿಸ್ಬೇಡಿ" ಎನ್ನುತ್ತಿದ್ದಳು. ಮನೆಗೆ ಬಂದು ನಾನು ಪೇಪರಿನ ಕಡೆ ತಿರುಗಿ, "ಮಾತ್ರೆ ತಪ್ಪಿಸ್ಬಾರ್ದಂತೆ" ಎನ್ನುತ್ತಿದ್ದೆ. ಹೀಗೆಯೇ ವರ್ಷಗಳು ಹೋದವು. ನನ್ನ ಮದುವೆಯ ಮಾತು ಬಂದಾಗಲೂ, ಇವರಿಬ್ಬರದು ಮೊದಲು ಸರಿಯಾಗಲಿ ಎಂದೆ. ಸರಿಯಾಗುವಾಗ ನನ್ನ ತಲೆಯಲ್ಲಿ ಕೂದಲು ಉಳಿದಿರಲಿಲ್ಲ. ಇರಲಿ, ಅದು ಇಂದಿನ ವಿಷಯವಲ್ಲ.

ಆ ಬೇಸಿಗೆಯಲ್ಲಿ ಕಾಂತಿ ಮಗಳನ್ನು ಕರೆದುಕೊಂಡು ಧೈರ್ಯಮಾಡಿ ಬಂದಳು. ಅಂಗಳದಲ್ಲಿ ನನ್ನ ತಮ್ಮನ ಮಗ ಶಿಶಿರ್ ಮತ್ತು ಅವನ ಗೆಳೆಯರು ಆಡುತ್ತಿದ್ದರು. ಈ ಹುಡುಗಿಯೂ ಸೇರಿಕೊಂಡಳು. ಚೆಂಡು ಸಿಕ್ಕಿದರೆ ಸಾಕು, ಇನ್ನೊಬ್ಬರಿಗೆ ಕೊಡುತ್ತಿದ್ದಳು. ಶಿಶಿರ್ ಬೊಬ್ಬೆ ಹೊಡೆದ, "ಗೋಲು ಹೊಡಿ ಮಾರಾಯ್ತೀ!" ಅವಳು ತಾಯಿ ಕಲಿಸಿದ ತುಳುವಿನಲ್ಲಿ, "ನೀನು ಗೋಲಿನ ಹತ್ತಿರ ಇದ್ದೆ ಅಲ್ವಾ?" ಎಂದು ಅವನನ್ನೇ ಕೇಳಿದಳು. ಮರುಕ್ಷಣ ಅವಳು ಚೆಂಡನ್ನು ಜಗಲಿಯ ಕುರ್ಚಿಯಲ್ಲಿದ್ದ ತಂದೆಯವರ ಕಾಲಬುಡಕ್ಕೆ ತಳ್ಳಿದಳು. "ಅಜ್ಜಾ, ಕೊಡಿ!" ತಂದೆಯವರು ನೋಡಿದರು. ಎದ್ದರು. ಪಂಚೆ ಎತ್ತಿ ಒದ್ದರು. ಚೆಂಡು ಬಾವಿಗೆ ಬಿತ್ತು! ಅದನ್ನು ತೆಗೆಯುವ ಗಲಾಟೆಯಲ್ಲಿ, "ಕಾಂತೀ, ಹಗ್ಗ ತಾ" ಎಂದು ಅವರು ಕೂಗಿದರು. ಮದುವೆಯ ಮೇಲೆ ತಂದೆಯವರು ತಂಗಿಗೆ ಹೇಳಿದ ಮೊದಲ ಮಾತು ಅದು. ಹೇಳಿ ಸಭಿಕರೇ, ಇದಕ್ಕಿಂತ ದೊಡ್ಡ ಪಾಸನ್ನು ಯಾವ ದೇಶದ ಯಾವ ಆಟಗಾರ್ತಿ ಕೊಟ್ಟಿದ್ದಾಳೆ?

ಮುಂದೆ ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಹದಿನಾಲ್ಕನೆಯ ವಯಸ್ಸಿನಲ್ಲಿ, ಆಳು ಗಿಡ್ಡ, ವೇಗ ಸಾಲದು ಎಂದು ಒಂದು ಕ್ಲಬ್ಬಿನವರು ಅವಳನ್ನು ಬಿಟ್ಟರು. ಕಾಂತಿ ಬಿಡಲಿಲ್ಲ. ಆಸ್ಪತ್ರೆಯ ಕೆಲಸ ಮುಗಿಸಿ, ಸಮವಸ್ತ್ರದಲ್ಲೇ ಕಾರು ಓಡಿಸಿ, ಬೇರೆ ಊರಿನ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಅಭ್ಯಾಸ ಮುಗಿಯುವವರೆಗೆ ಕಾರಿನಲ್ಲೇ ನಿದ್ದೆ. ಪಂದ್ಯವಿದ್ದ ದಿನ ಮಾತ್ರ ಗ್ಯಾಲರಿಯಲ್ಲಿ ನಿಂತು, "ಬಲಿಪು ಮಗಾ, ಬಲಿಪು!" ಓಡು, ಓಡು ಎಂದು ತುಳುವಿನಲ್ಲಿ ಕೂಗುತ್ತಿದ್ದಳು. ಈಗ ಅಲ್ಲಿಯ ಬಿಳಿ ಅಜ್ಜಂದಿರೂ 'ಬಲಿಪು' ಎನ್ನುತ್ತಾರಂತೆ. ಹತ್ತೊಂಬತ್ತರಲ್ಲಿ ತೃಪ್ತಿ ದೇಶದ ತಂಡಕ್ಕೆ ಬಂದಳು.

ಇಪ್ಪತ್ತೈದರಲ್ಲಿ ಮೊಣಕಾಲಿನ ಲಿಗಮೆಂಟ್ ತುಂಡಾಯಿತು. ಶಸ್ತ್ರಚಿಕಿತ್ಸೆ ಮಾಡಿದರು. ವಾಸಿಯಾಗಿ ಆಡಲು ಇಳಿದವಳಿಗೆ ಮರುವರ್ಷ ಅದೇ ಕಾಲು, ಅದೇ ಜಾಗ. ಕಾಂತಿ ಫೋನ್ ಮಾಡಿದಳು. "ಅಣ್ಣಾ, ಅವಳು ಕೋಣೆಯಿಂದ ಹೊರಗೆ ಬರುವುದಿಲ್ಲ. ನೀವು ಒಮ್ಮೆ ಬನ್ನಿ." ವಿಮಾನವನ್ನು ಬಜಪೆಯ ಬೇಲಿಯ ಹೊರಗಿನಿಂದ ಮಾತ್ರ ಕಂಡಿದ್ದ ನಾನು ಹೊರಟೆ. ಹೋಗಿ ಏನು ಮಾಡಿದೆ? ನನಗೆ ಬರುವುದನ್ನೇ ಮಾಡಿದೆ. ನೀರುದೋಸೆ ಹೊಯ್ದೆ. ಮೊದಲ ದಿನ ಬಾಗಿಲ ಹೊರಗೆ ಇಟ್ಟೆ. ಕೆಲವು ದಿನ ಕಳೆದ ಮೇಲೆ ಅವಳೇ ಅಡುಗೆಮನೆಗೆ ಬಂದು ಕುಳಿತಳು.

"ಮಾಮ, ನಾನು ಬಿಡ್ತೇನೆ. ನಾನು ಇದ್ದರೂ ಇಲ್ಲದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ."

ನನಗೆ ಆಟದ ನಿಯಮವೇ ಗೊತ್ತಿಲ್ಲ. ಆ ವಾರ ಅವಳ ತಂಡದ ಪಂದ್ಯವಿತ್ತು. ನನ್ನ ಒತ್ತಾಯಕ್ಕೆ ಊರುಗೋಲು ಹಿಡಿದು ಬಂದಳು. ತಂಡ ಕೆಟ್ಟದಾಗಿ ಸೋತಿತು. ಮನೆಗೆ ಹಿಂದೆ ಬರುವಾಗ ನಾನು ಹೇಳಿದೆ, "ಮಗಾ, ನನ್ನ ಹೋಟೆಲಿನಲ್ಲಿ ಸಪ್ಲೈಯರ್‌ಗಳು ಎಲ್ಲಾ ಒಂದೇ ದಿನ ರಜೆ ಹಾಕಿದ ಹಾಗೆ ಉಂಟು ಇದು. ಅಡುಗೆಮನೆಯಲ್ಲಿ ತಿಂಡಿ ರಾಶಿ ಬಿದ್ದಿದೆ, ಟೇಬಲಿನಲ್ಲಿ ಜನ ಹಸಿದು ಕೂತಿದ್ದಾರೆ. ನಡುವಿನಲ್ಲಿ ಯಾರೂ ಇಲ್ಲ."

ಅವಳು ಬಹಳ ದಿನಗಳ ನಂತರ ನಕ್ಕಳು. "ಮಾಮ, ಕೋಚ್ ಈಗಷ್ಟೇ ಮೆಸೇಜ್ ಮಾಡಿ ಇದನ್ನೇ ಹೇಳಿದ್ದಾರೆ. ಸಪ್ಲೈಯರ್ ಒಂದು ಬಿಟ್ಟು." ನನ್ನ ಮಾತಿನಿಂದ ಅವಳು ಮರಳಿದಳೆಂದು ನಾನು ಬಿ.ಸಿ.ರೋಡಿನಲ್ಲಿ ಹೇಳಿಕೊಂಡು ತಿರುಗುವುದುಂಟು. ನಿಜವಾಗಿ ಮರಳಿಸಿದ್ದು ಅವಳ ಹಟ. ಪುನಃ ನಡೆಯಲು ಕಲಿತಳು, ಓಡಲು ಕಲಿತಳು, ಬೀಳುವುದಕ್ಕೆ ಹೆದರದಿರಲು ಕಲಿತಳು. ಕೊನೆಯದಕ್ಕೇ ಹೆಚ್ಚು ಕಾಲ ಹಿಡಿಯಿತಂತೆ.

ಆಮೇಲೆ ಬಂತು ಆ ಅರ್ಹತಾ ಪಂದ್ಯ. ಗೆದ್ದರೆ ದೊಡ್ಡ ಪಂದ್ಯಾವಳಿಗೆ ಪ್ರವೇಶ, ಸೋತರೆ ಮನೆ. ನಮ್ಮಲ್ಲಿ ಸಂಜೆಯ ಹೊತ್ತು, ಗೋಳಿಬಜೆಗೆ ಜನ ತುಂಬಿದ್ದರು. ಶಿಶಿರ್ ತನ್ನ ಮೊಬೈಲನ್ನು ಹೋಟೆಲಿನ ಟಿ.ವಿ.ಗೆ ಜೋಡಿಸಿದ. ಕೊನೆಯ ಕೆಲವೇ ನಿಮಿಷ, ಎರಡೂ ತಂಡಕ್ಕೆ ಗೋಲಿಲ್ಲ. ಎದುರಾಳಿ ಚೆಂಡು ಹಿಡಿದು ನುಗ್ಗಿದಳು. ತೃಪ್ತಿ ಅದೇ ಕಾಲನ್ನು ಮುಂದೆ ಚಾಚಿ ಜಾರಿದಳು, ಚೆಂಡು ಕಿತ್ತಳು, ಬಿದ್ದಲ್ಲಿಂದಲೇ ಬಲಗಡೆಗೆ ತಳ್ಳಿದಳು. ಅಲ್ಲಿಂದ ಮುಂದಕ್ಕೆ, ಅಲ್ಲಿಂದ ಗೋಲು!

ಹೋಟೆಲಿಗೆ ಹೋಟೆಲೇ ಎದ್ದು ಕುಣಿಯಿತು. ನಾನು ಕುಣಿಯಲಿಲ್ಲ. ನಾನು ಕಂಡದ್ದು ಬಿದ್ದವಳನ್ನು. ಅವಳು ಎದ್ದದ್ದನ್ನು ನಾನು ಕಾಣಲಿಲ್ಲ. ಕ್ಯಾಮರಾ ಗೋಲು ಹೊಡೆದವಳ ಹಿಂದೆಯೇ ಹೋಯಿತು. ಮುಖ ತೋರಿಸಿತು, ಗ್ಯಾಲರಿ ತೋರಿಸಿತು, ಗೋಲನ್ನೇ ಪುನಃ ಪುನಃ ತೋರಿಸಿತು. "ನಡುವಿನಲ್ಲಿ ತೋರಿಸಿ ಮಾರಾಯ್ರೇ, ಅಲ್ಲಿ ನಮ್ಮ ಹುಡುಗಿ ಉಂಟು!" ಎಂದು ನಾನು ಟಿ.ವಿ.ಗೆ ಬೊಬ್ಬೆ ಹೊಡೆದೆ. ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ಆಗ ಗೋಲು ಹೊಡೆದವಳು ಗೆಳತಿಯರ ಅಪ್ಪುಗೆಯಿಂದ ಬಿಡಿಸಿಕೊಂಡು, ಇಡೀ ಮೈದಾನ ಹಿಂದಕ್ಕೆ ಓಡಿದಳು. ಕ್ಯಾಮರಾ ಅವಳ ಹಿಂದೆ ಓಡಿತು. ನಡು ಮೈದಾನದಲ್ಲಿ ನಮ್ಮ ತೃಪ್ತಿ ಹುಲ್ಲಿನ ಮೇಲೆ ಅಂಗಾತ ಮಲಗಿ ನಗುತ್ತಿದ್ದಳು. ಕಾಲಿಗೆ ಏನೂ ಆಗಿರಲಿಲ್ಲ. ಆ ಹುಡುಗಿ ಇವಳನ್ನು ಎತ್ತಿ ನಿಲ್ಲಿಸಿ, ಇವಳ ಕೈಯನ್ನು ಗ್ಯಾಲರಿಯ ಕಡೆಗೆ ಎತ್ತಿ ಹಿಡಿದಳು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಅತ್ತೆ. ಹೆಮ್ಮೆಯಿಂದ ಅತ್ತೆ. ಇದನ್ನು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ.

ಈಗ ಸನ್ಮಾನದ ಹೊತ್ತು. ಶಾಲು ಹೊದಿಸಬೇಕೆಂದು ಸಂಘಟಕರು ನನ್ನನ್ನು ಕೇಳಿದ್ದಾರೆ. ಕ್ಷಮಿಸಬೇಕು, ಅದು ನನ್ನ ಕೆಲಸವಲ್ಲ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ, ನೀಲಿ ಸೀರೆ ಉಟ್ಟು ಒಬ್ಬಳು ಕುಳಿತಿದ್ದಾಳೆ. ಬೆಳಿಗ್ಗೆಯಿಂದ ವೇದಿಕೆಗೆ ಬಾ ಎಂದರೆ, "ನನ್ನನ್ನು ಯಾಕೆ ಅಣ್ಣಾ" ಎನ್ನುತ್ತಿದ್ದಾಳೆ. ಸಭಿಕರೇ, ದಯವಿಟ್ಟು ಅವಳಿಗೆ ದಾರಿ ಬಿಡಿ. ಕಾಂತೀ, ಬಾ. ಎಲ್ಲರೂ ನೋಡಲಿ. ಇದು ನಿನ್ನದೇ ಊರು, ಮಗಾ. ಬಾ.

ಬರುತ್ತಿದ್ದಾಳೆ. ಇನ್ನು ನನ್ನ ಮಾತು ಬೇಡ. ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ಇಷ್ಟು ಪ್ರೀತಿಯಿಂದ ಸೇರಿದ ನಿಮಗೂ ನಮ್ಮ ಮನೆಯವರೆಲ್ಲರ ಪರವಾಗಿ ವಂದಿಸುತ್ತೇನೆ. ಚಪ್ಪಾಳೆಯನ್ನು ನನಗಲ್ಲ, ಅವರಿಬ್ಬರಿಗೆ ಕೊಡಿ. ನಮಸ್ಕಾರ.