ಕೊಡುವ ಕೈ, ಹೇಳದ ಬಾಯಿ

ದಾನದ ವಿಷಯ ಇಷ್ಟು ಹೊತ್ತು ನನ್ನ ಪ್ರವಚನದಲ್ಲಿ ಕೇಳಿದಿರಿ, ಎಲ್ಲರೂ ತಲೆದೂಗಿದಿರಿ. ಈಗ ಒಂದು ದೃಷ್ಟಾಂತ ಹೇಳುತ್ತೇನೆ. ಇದಕ್ಕೂ ತಲೆದೂಗುತ್ತೀರಾ ನೋಡೋಣ.

ಒಂದು ಊರಿನ ಬಜಾರದಲ್ಲಿ ಸೀರೆ ಅಂಗಡಿಯ ಸಾಹುಕಾರನೊಬ್ಬನಿದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ‘ಓ, ಅವನ ಕಥೆಯೋ’ ಅಂತ ನೀವು ನಿರಾಳವಾಗಿ ಕೂತುಬಿಡುತ್ತೀರಿ. ಮನುಷ್ಯ ಕೆಟ್ಟವನಲ್ಲ. ಶ್ರಾವಣ ಬಂತೆಂದರೆ ಮಠಕ್ಕೆ ಅಕ್ಕಿ ಚೀಲ ಕಳಿಸುವವನು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದವನು. ಜಗಳ ಅಂದರೆ ಮಾತ್ರ ಆಗದು. ಯಾರು ಏನೇ ತಕರಾರು ತಂದರೂ ‘ಹೋಗ್ಲಿ ಬಿಡ್ರಿ’ ಅನ್ನುವುದು ಅವನ ಬಾಯಿಪಾಠ.

ಅವನ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟಿಕೊಡುವ ಹೆಂಗಸರು ಹತ್ತು ಜನ. ಅವರಲ್ಲಿ ಒಬ್ಬಳ ಹೆಸರು ಹೇಳುತ್ತೇನೆ, ಗಂಗಮಾಳವ್ವ. ಒಂದು ಮಾರ್ಚ್ ತಿಂಗಳು ಬ್ಯಾಂಕಿನ ಮ್ಯಾನೇಜರು ಅಂಗಡಿಗೆ ಬಂದ. ಮಾರ್ಚ್ ಅಂದರೆ ಗೊತ್ತಲ್ಲ, ಬ್ಯಾಂಕಿನವರಿಗೆ ಹೊಸ ಖಾತೆಗಳ ಲೆಕ್ಕ ತೋರಿಸುವ ತಿಂಗಳು. ಚಹಾ ಕುಡಿಯುತ್ತ ಹೇಳಿದ: “ಸಾಹುಕಾರ್ರೇ, ಒಂದು ಹತ್ತು ಖಾತೆ ಮಾಡಿಸಿಕೊಡಿ. ಜೀರೋ ಬ್ಯಾಲೆನ್ಸ್. ಒಂದು ಪೈಸೆ ಇಡದಿದ್ದರೂ ನಡೆಯುತ್ತೆ.” ಕೂಲಿ ಈಸಿಕೊಳ್ಳಲು ಬಂದಿದ್ದ ಆ ಹೆಂಗಸರ ಕಡೆ ಸಾಹುಕಾರ ತಿರುಗಿ, “ಮಾಡಿಸ್ರಿ, ಏನಾಗೂದಿಲ್ಲ, ನಾನು ಅದೀನಲ್ಲ” ಅಂದ. ಹತ್ತೂ ಜನ ಓದದೆ ಸಹಿ ಹಾಕಿದರು.

ಎರಡು ವರ್ಷ ಕಳೆಯಿತು. ಗಂಗಮಾಳವ್ವನ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಕುಚ್ಚು ಕಟ್ಟುವವಳಿಗೆ ಕಣ್ಣೇ ಬಂಡವಾಳ. ಆಪರೇಷನ್ ಮಾಡಿಸೋಣವೆಂದು ಕೂಡಿಟ್ಟ ಹಣ ತೆಗೆಯಲು ಬ್ಯಾಂಕಿಗೆ ಹೋದರೆ, ಅದರಲ್ಲಿ ನಾಲ್ಕು ಸಾವಿರದ ಎಪ್ಪತ್ತೊಂದು ರೂಪಾಯಿ ಇಲ್ಲ. ಖಾತೆಯಲ್ಲಿ ಇಷ್ಟು ಇರಬೇಕಿತ್ತು, ಇರಲಿಲ್ಲ ಅಂತ ಸಲಕ್ಕೆ ನೂರಾ ಎಪ್ಪತ್ತೇಳರಂತೆ ಇಪ್ಪತ್ತಮೂರು ಸಲ ಕಿತ್ತಿದ್ದರು. ನೋಡಿ, ದುಡ್ಡು ಕಡಿಮೆ ಇದ್ದದ್ದಕ್ಕೆ ದಂಡ. ದಂಡ ಕಿತ್ತಿದ್ದರಿಂದ ದುಡ್ಡು ಇನ್ನೂ ಕಡಿಮೆ. ಇನ್ನೂ ಕಡಿಮೆಯಾಯಿತಲ್ಲ, ಅದಕ್ಕೆ ಮತ್ತೆ ದಂಡ! ಬಡತನಕ್ಕೇ ಜುಲ್ಮಾನೆ.

ಆಕೆ ಸೀದಾ ಅಂಗಡಿಗೆ ಬಂದಳು. ಸಾಹುಕಾರನಿಗೆ ಕೇಳಿ ನಿಜವಾಗಿಯೂ ಮರುಕವಾಯಿತು. ಗಲ್ಲಾ ತೆಗೆದು ಐದು ಸಾವಿರ ಎಣಿಸಿ ಮುಂದಿಟ್ಟ. ಎಂಥ ದೊಡ್ಡ ಮನಸ್ಸು, ಅಲ್ಲವೇ? ಗಂಗಮಾಳವ್ವ ಮುಟ್ಟಲಿಲ್ಲ.

“ನೀವು ಕೊಟ್ರ ದಾನ ಆಗತೈತ್ರಿ. ನನಗ ದಾನ ಬ್ಯಾಡ, ನನ್ನ ರೊಕ್ಕ ಬೇಕು. ಗ್ರಾಹಕರ ಕೋರ್ಟಿಗೆ ಅರ್ಜಿ ಹಾಕ್ತೀನಿ. ಮ್ಯಾನೇಜರ್ ಸಾಹೇಬ್ರು ಜೀರೋ ಬ್ಯಾಲೆನ್ಸ್ ಅಂದಿದ್ದು ನಿಮ್ಮ ಮುಂದ. ನೀವು ಬಂದು ಅಷ್ಟು ಹೇಳ್ರಿ ಸಾಕು.”

ಸಾಹುಕಾರನ ಕೈ ನೋಟಿನ ಮೇಲೇ ನಿಂತಿತು. ಅವನ ವ್ಯಾಪಾರದ ಸಾಲವೆಲ್ಲ ಆ ಬ್ಯಾಂಕಿನಲ್ಲಿತ್ತು. ದೀಪಾವಳಿಯ ಮಾಲು ತರಲು ಅದೇ ಮ್ಯಾನೇಜರು ಸಾಲದ ಮಿತಿ ಏರಿಸಬೇಕಿತ್ತು. “ಹೋಗ್ಲಿ ಬಿಡಬೇ, ಇಷ್ಟಕ್ಕ ಯಾಕ ಕೋರ್ಟು” ಅಂದ. ಐದು ಸಾವಿರ ಕೊಡುವುದು ಅವನಿಗೆ ಹಗುರ, ಐದು ಮಾತು ಹೇಳುವುದು ಭಾರ. ಎಂಥ ವಿಚಿತ್ರ ನೋಡಿ!

ಆಕೆ ಪಕ್ಕದ ಮನೆಯವರಿಂದ ಬ್ಯಾಂಕಿಗೆ ಪತ್ರ ಬರೆಸಿದಳು. ‘ನಿಯಮದ ಪ್ರಕಾರ’ ಅಂತ ಒಂದು ಸಾಲಿನ ಉತ್ತರ ಬಂತು. ಆಮೇಲೆ ಜಿಲ್ಲೆಯ ಗ್ರಾಹಕರ ಕೋರ್ಟಿಗೆ ಅರ್ಜಿ ಕೊಟ್ಟಳು. ಅಲ್ಲಿ ವಕೀಲರೇ ಬೇಕೆಂದಿಲ್ಲ, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಮೊದಲ ವಾಯಿದೆಯ ದಿನ ಸಾಹುಕಾರ ಎಲ್ಲಿದ್ದ? ಸೂರತ್ತಿನಲ್ಲಿ, ಸೀರೆ ಖರೀದಿಗೆ. ತುರ್ತು ಕೆಲಸ ಅನ್ನುವುದು ಯಾವತ್ತೂ ಅಂಥ ದಿನವೇ ಬರುತ್ತದೆ.

ಅವನು ಮರಳಿದ ಮೇಲೆ ಆಕೆ ಒಂದು ಕಾಗದ ಹಿಡಿದು ಅಂಗಡಿಗೆ ಬಂದಳು. ಬ್ಯಾಂಕು ಕೋರ್ಟಿಗೆ ಕೊಟ್ಟ ಜವಾಬು ಅದು. “ಕಣ್ಣಿಗೆ ಕಾಣವಲ್ದು, ಓದ್ರಿ” ಅಂದಳು. ಸಾಹುಕಾರ ಗಟ್ಟಿಯಾಗಿ ಓದತೊಡಗಿದ. ‘ನಮ್ಮ ಶಾಖೆಯ ಯಾರೂ ಯಾವ ಅಂಗಡಿಗೂ ಹೋಗಿ ಅಂಥ ಭರವಸೆ ಕೊಟ್ಟಿಲ್ಲ. ಅರ್ಜಿದಾರಳು ಸುಳ್ಳು ಹೇಳುತ್ತಿದ್ದಾಳೆ.’ ಅಲ್ಲಿಗೆ ಅವನ ದನಿ ಇಳಿಯಿತು. ಯಾವ ಮೇಜಿನ ಮೇಲೆ ಮ್ಯಾನೇಜರು ಚಹಾದ ಲೋಟ ಇಟ್ಟಿದ್ದನೋ ಅದೇ ಮೇಜಿನ ಮುಂದೆ ಕೂತು ಅದನ್ನು ಓದುತ್ತಿದ್ದ.

“ನಾನು ಸಹಿ ಹಾಕಿದ್ದು ಬ್ಯಾಂಕ್ ನಂಬಿ ಅಲ್ರಿ ಸಾವ್ಕಾರ್ರ, ನಿಮ್ಮನ್ನ ನಂಬಿ” ಅಂದಳು ಗಂಗಮಾಳವ್ವ. ಸಿಟ್ಟಿನಿಂದಲೂ ಹೇಳಲಿಲ್ಲ, ಅತ್ತೂ ಹೇಳಲಿಲ್ಲ. ಸಾಹುಕಾರನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಅಕ್ಕಿ ಕಳಿಸಿದ್ದರೂ ಆ ನಾಚಿಕೆ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ.

ಎರಡನೇ ವಾಯಿದೆಗೆ ಹೋದ. ಕಂಡದ್ದನ್ನು, ಕೇಳಿದ್ದನ್ನು ಹೇಳಿದ. ಬ್ಯಾಂಕಿನ ವಕೀಲರು ಎದ್ದು ಕೇಳಿದರು: “ಎಷ್ಟೋ ವರ್ಷದಿಂದ ನಿಮ್ಮ ವ್ಯವಹಾರ ಇದೇ ಬ್ಯಾಂಕಿನಲ್ಲಿದೆ. ನಿಮಗೆ ಒಂದು ರೂಪಾಯಿ ಮೋಸ ಆಗಿದೆಯಾ?”

“ಇಲ್ರಿ. ನನ್ನ ಖಾತೆದಾಗೂ ಒಮ್ಮೆ ಏನೋ ಚಾರ್ಜ್ ಅಂತ ಎರಡು ಸಾವಿರ ಕಟ್ ಆಗಿತ್ತು. ಫೋನ್ ಮಾಡಿದೆ. ಸಂಜಿಕ ವಾಪಸ್ ಹಾಕಿದ್ರು.”

ಬರೆದುಕೊಳ್ಳುತ್ತಿದ್ದ ಕೋರ್ಟಿನ ಅಧ್ಯಕ್ಷರು ತಲೆಯೆತ್ತಿದರು. “ನಿಮಗೆ ಯಾಕೆ ವಾಪಸ್ ಹಾಕಿದರು?”

“ನಾನು ಸಾವ್ಕಾರ ಅಂತ್ರಿ” ಅಂದ.

ಗಂಗಮಾಳವ್ವನ ಹಣ ಬಡ್ಡಿಸಮೇತ ಮರಳಿ ಕೊಡಬೇಕೆಂದು ಆದೇಶವಾಯಿತು. ಆ ಆದೇಶದ ಪ್ರತಿ ಹಿಡಿದು ಉಳಿದ ಒಂಬತ್ತು ಹೆಂಗಸರೂ ಅರ್ಜಿ ಹಾಕಿದರು. ಇನ್ನು ಸಾಹುಕಾರನಿಗೆ ದೇವರು ಎರಡು ಪಟ್ಟು ಕೊಟ್ಟ ಅಂತ ಹೇಳಿದರೆ ನಿಮಗೆ ಖುಷಿ. ಕೊಡಲಿಲ್ಲ. ಸಾಲದ ಮಿತಿ ಏರಲಿಲ್ಲ. ಆ ದೀಪಾವಳಿಗೆ ಅಂಗಡಿಯಲ್ಲಿ ಮಾಲು ಕಡಿಮೆಯೇ ಇತ್ತು. ಬ್ಯಾಂಕಿಗೆ ಹೋದರೆ ಒಳಗೆ ಕರೆಯುವವರಿಲ್ಲ, ಎಲ್ಲರ ಜೊತೆ ಸಾಲಿನಲ್ಲಿ ನಿಂತ.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮದೊಂದು ಕೆಲಸ ಫೋನಿನಲ್ಲೇ ಮುಗಿಯಿತಾ? ಸಂತೋಷ. ಆದರೆ ಅದೇ ಕೆಲಸಕ್ಕೆ ಹೊರಗೆ ನಿಂತವರು ಯಾರು ಅಂತ ತಿರುಗಿ ನೋಡಿದಿರಾ? ನಿಮ್ಮ ಮಾತು ನಂಬಿ ನಿಮ್ಮ ಮನೆಗೆಲಸದವಳು, ನಿಮ್ಮ ಡ್ರೈವರು ಎಲ್ಲೆಲ್ಲಿ ಸಹಿ ಹಾಕಿದ್ದಾರೆ? ನಾಳೆ ಬೆಳಿಗ್ಗೆ ಅವರ ಪಾಸ್‌ಬುಕ್ ಈಸಿಕೊಂಡು ಓದಿ. ತಪ್ಪು ಕಂಡರೆ ನಿಮ್ಮ ಜೇಬಿಗೆ ಕೈ ಹಾಕಬೇಡಿ, ಅರ್ಜಿ ಬರೆದುಕೊಡಿ. ವಾಯಿದೆಯ ದಿನ ಊರು ಬಿಡಬೇಡಿ. ‘ಆಗ ನಾನು ಅಲ್ಲೇ ಇದ್ದೆ’ ಅನ್ನುವಷ್ಟು ಮಾತು ಕಲಿಯಿರಿ.

ತಲೆ ಎತ್ತಿ ಒಮ್ಮೆ ಮೇಲೆ ನೋಡಿ. ಈ ಹಾಲಿನಲ್ಲಿ ಹದಿನಾರು ಫ್ಯಾನು. ಪ್ರತಿಯೊಂದರ ರೆಕ್ಕೆಯ ಮೇಲೂ ದಾನಿಗಳ ಹೆಸರಿದೆ, ನಾನು ಎಣಿಸಿದ್ದೇನೆ. ಬಡವರ ಪರವಾಗಿ ಸಾಕ್ಷಿ ಹೇಳಿದವರ ಹೆಸರು ಒಂದರ ಮೇಲೂ ಇಲ್ಲ. ಹಾಗೆ ಹೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ, ಹದಿನೇಳನೆಯ ಫ್ಯಾನು ಮಠದ ಖರ್ಚಿನಲ್ಲಿ ಹಾಕಿಸುತ್ತೇನೆ.